ಅಪ್ಪನ ವರ್ಷದ ಕಾರ್ಯದ ದಿನ ಹಾಡು ಇಟ್ಟುಕೊಂಡರೆ ತಪ್ಪಾ? ಜೊತೆಗೆ ಹಳೇ ಕ್ಯಾಸೆಟ್‌ಗಳ ಬಗ್ಗೆ ಸಹಾಯ ಬೇಕು

ಪೇಪರ್‌ಟೌನ್_ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಮುಂದಿನ ತಿಂಗಳಿಗೆ ಅಪ್ಪ ಹೋಗಿ ವರ್ಷ. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕ್ವಾರ್ಟರ್ಸ್‌ನಲ್ಲಿ ನಮ್ಮ ಮನೆ ಯಾವುದು ಅಂತ ಕೇಳಿದರೆ ಯಾರೂ ನಂಬರ್ ಹೇಳುತ್ತಿರಲಿಲ್ಲ, "ಹಾಡು ಕೇಳಿಸ್ತಾ ಇದೆಯಲ್ಲ, ಅದೇ ಮನೆ" ಅನ್ನುತ್ತಿದ್ದರು. ಶಿಫ್ಟ್ ಮುಗಿಸಿ ಬಂದು ಕೈಕಾಲು ತೊಳೆಯೋಕೆ ಮೊದಲೇ ಟೇಪ್‌ರೆಕಾರ್ಡರ್ ಆನ್. ಮೌತ್ ಆರ್ಗನ್ ನುಡಿಸುತ್ತಿದ್ದರು. ಗಣಪತಿ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರು, ಯುಗಳಗೀತೆ ಬಂದರೆ ಹೆಣ್ಣಿನ ದನಿಯೂ ಅವರದೇ. ಹೆಣ್ಣಿನ ಸಾಲು ಬಂದಾಗ ಹೆಗಲ ಮೇಲಿನ ಟವೆಲ್ ತಲೆ ಮೇಲೆ ಬರೋದು, ಗಂಡಿನ ಸಾಲಿಗೆ ವಾಪಸ್ ಹೆಗಲಿಗೆ. ಜನ ಬಿದ್ದೂ ಬಿದ್ದೂ ನಗುತ್ತಿದ್ದರು. ಅಣ್ಣನಿಗೆ ಮಾತ್ರ ಮಾರನೇ ದಿನ ಸ್ಕೂಲಿಗೆ ಹೋಗೋಕೆ ನಾಚಿಕೆ.

ಈಗ ವಿಷಯ ಏನಂದರೆ, ಬೆಳಿಗ್ಗೆ ಕಾರ್ಯ ಕ್ರಮವಾಗಿ ಮುಗಿಯಲಿ, ಸಂಜೆ ಅವರ ಆರ್ಕೆಸ್ಟ್ರಾ ಸ್ನೇಹಿತರಲ್ಲಿ ಉಳಿದವರನ್ನು ಕರೆದು ಮನೆ ಮುಂದೆ ಒಂದಿಷ್ಟು ಹಾಡಿಸೋಣ ಅಂತ ನನ್ನ ಮತ್ತು ಅಣ್ಣನ ಆಸೆ. ದೊಡ್ಡಪ್ಪ ಕೆಂಡವಾಗಿದ್ದಾರೆ. "ತಿಥಿ ಮಾಡ್ತೀರೋ ಜಾತ್ರೆ ಮಾಡ್ತೀರೋ, ಮೊದಲು ಅದನ್ನ ಹೇಳಿ" ಅಂದರು. ಅಮ್ಮ "ನಿಮಗೆ ಸರಿ ಕಂಡ ಹಾಗೆ ಮಾಡಿ" ಅಂತ ಒಳಗೆ ಎದ್ದು ಹೋದಳು. ನಿಮ್ಮ ಕಡೆ ಹೀಗೆ ಮಾಡಿದವರು ಇದ್ದಾರಾ?

ಇನ್ನೊಂದು, ಅಪ್ಪನ ಟ್ರಂಕಿನ ತುಂಬಾ ಕ್ಯಾಸೆಟ್ ಇವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಒಂದರ ಮೇಲೆ ಅವರ ಕೈಯಲ್ಲೇ ಬರೆದಿದೆ, "ಇದರ ಮೇಲೆ ಬೇರೆ ರೆಕಾರ್ಡ್ ಮಾಡಿದವರಿಗೆ ಭಾನುವಾರ ಕೋಳಿಸಾರು ಇಲ್ಲ." ಇವನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳೋದು ಹೇಗೆ?

ಮಂಡ್ಯ_ಪ್ಯಾಸೆಂಜರ್

ಇದರಲ್ಲಿ ಕೇಳೋದೇನಿದೆ? ಎಡೆ ಇಡುವಾಗ ಸತ್ತವರಿಗೆ ಇಷ್ಟವಾದದ್ದನ್ನೇ ತಾನೇ ಇಡೋದು. ಮುದ್ದೆ ಇಷ್ಟ ಇದ್ದರೆ ಮುದ್ದೆ, ಬೀಡಿ ಸೇದುತ್ತಿದ್ದರೆ ಬೀಡಿ ಕಟ್ಟು, ನಮ್ಮ ತಾತನಿಗೆ ಕ್ವಾರ್ಟರ್ ಬಾಟಲಿಯನ್ನೇ ಇಟ್ಟಿದ್ದೆವು, ಯಾವ ದೊಡ್ಡಪ್ಪನೂ ಬಾಯಿ ಬಿಡಲಿಲ್ಲ. ಹಾಡು ಇಷ್ಟ ಇದ್ದವರಿಗೆ ಹಾಡು ಇಟ್ಟರೆ ಮಾತ್ರ ತಪ್ಪಾ? ನಿಮ್ಮ ದೊಡ್ಡಪ್ಪನಿಗೆ ಇದನ್ನೇ ಕೇಳಿ.

ಧಾರವಾಡ_ಕಟ್ಟಿ

ನಮ್ಮ ಕಡೆ ಈ ಪ್ರಶ್ನೆಯೇ ಏಳೋದಿಲ್ಲ ನೋಡ್ರಿ. ಯಾರಾದರೂ ತೀರಿಕೊಂಡರೆ ಮೊದಲು ಬರೋರು ಭಜನೆಯವರು. ರಾತ್ರಿಯಿಡೀ ತಾಳ, ಹಾರ್ಮೋನಿಯಂ, ದಮ್ಮಡಿ. ಶಿಶುನಾಳ ಷರೀಫರ ಪದ, ಕಡಕೋಳ ಮಡಿವಾಳಪ್ಪನವರ ಪದ ಹಾಡುತ್ತಾ ಬೆಳಗು ಮಾಡುತ್ತಾರೆ. ನಮ್ಮ ಕಾಕಾ ಹೋದಾಗ ಭಜನೆಯವರು ನಡುವೆ ಚಹಾಕ್ಕೆ ನಿಂತರೆ ಮುದುಕಿಯೊಬ್ಬಾಕೆ "ಯಾಕ ನಿಲ್ಲಿಸಿದ್ರಿ, ಅಂವಗ ನಿದ್ದಿ ಬರತೈತೇನು" ಅಂದಿದ್ದಳು. ಅಳುವವರೂ ನಕ್ಕರು.

ಶಿಸ್ತಿನ_ಸಿಪಾಯಿ

ಭಜನೆ ಬೇರೆ, ಸಿನಿಮಾ ಹಾಡು ಬೇರೆ. ಎರಡನ್ನೂ ಒಂದೇ ಮಾಡಬೇಡಿ. ತತ್ವಪದದಲ್ಲಿ ಸಾವಿನ ವಿಚಾರ ಇರುತ್ತೆ, ಅದಕ್ಕೇ ಅಲ್ಲಿ ಹೊಂದುತ್ತೆ. ವರ್ಷದ ಕಾರ್ಯದ ದಿನ ಮನೆ ಮುಂದೆ ಸ್ಪೀಕರ್ ಕಟ್ಟಿ ಡ್ಯುಯೆಟ್ ಹಾಡಿದರೆ ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೆ? ಬೇಕಾದರೆ ಅವರ ಹುಟ್ಟುಹಬ್ಬದ ದಿನ ಇಟ್ಟುಕೊಳ್ಳಿ, ಯಾರು ಬೇಡ ಅಂದರು? ದೊಡ್ಡಪ್ಪನವರ ಮಾತಿನಲ್ಲಿ ಹುರುಳಿದೆ.

ಮಂಡ್ಯ_ಪ್ಯಾಸೆಂಜರ್

ಪಕ್ಕದ ಮನೆಯವರು ಮೂವತ್ತು ವರ್ಷ ಅದೇ ಹಾಡು ಕೇಳಿದ್ದಾರೆ ಸ್ವಾಮಿ. ಕೇಳಿಸದಿದ್ದರೇನೇ ಬಂದು ಬಾಗಿಲು ತಟ್ಟಬಹುದು.

ಕೊಡಗಿನ_ಕಿತ್ತಳೆ

ನಮ್ಮಲ್ಲಿ ಸಾವಾದರೆ ಕೋವಿಯಿಂದ ಜೋಡಿ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ. ಸದ್ದು ಮಾಡಬಾರದು ಅನ್ನೋದೆಲ್ಲ ಒಂದೊಂದು ಊರಿಗೆ ಒಂದೊಂದು ಥರ.

ಕ್ಯಾಸೆಟ್_ಡಾಕ್ಟರ್

ಹಾಡಿನ ಜಗಳ ನೀವು ಮುಂದುವರಿಸಿ, ನಾನು ಟ್ರಂಕಿನ ಕಡೆ ಬರುತ್ತೇನೆ.

ಮಗಳೇ, ಮೊದಲ ಕೆಲಸ: ಯಾವ ಕ್ಯಾಸೆಟ್ಟನ್ನೂ ಪ್ಲೇಯರ್‌ಗೆ ಹಾಕೋಕೆ ಮುಂಚೆ ಅದರ ಹಿಂದಿನ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ನಾಲಿಗೆ ಮುರಿದು ಹಾಕಿ. ಅವು ಇಲ್ಲದಿದ್ದರೆ ಮೇಲೆ ರೆಕಾರ್ಡ್ ಆಗೋದಿಲ್ಲ. ಕಂಪನಿ ಕ್ಯಾಸೆಟ್ ಮೇಲೆ ಅಪ್ಪ ಹಾಡಿ ತುಂಬಿಸಿದ್ದರೆ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿರುತ್ತಾರೆ, ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಉಪಾಯ ಅದು. ಅದನ್ನೂ ಕಿತ್ತುಬಿಡಿ. ಅವಸರದಲ್ಲಿ ಪ್ಲೇ ಜೊತೆ ಕೆಂಪು ಗುಂಡಿಯೂ ಒತ್ತಿಹೋದರೆ ಆ ನಾಲ್ಕು ಸೆಕೆಂಡಿನ ದನಿ ಮತ್ತೆ ಸಿಗೋದಿಲ್ಲ.

ಬೂಷ್ಟು ಹಿಡಿದವನ್ನು ಬೇರೆ ಇಡಿ. ಅವನ್ನು ಹಾಕಿದರೆ ಪ್ಲೇಯರಿನ ಹೆಡ್ಡಿಗೆ (ಟೇಪಿಗೆ ತಾಗಿ ದನಿ ಓದುವ ಭಾಗ) ಅಂಟಿ ಒಳ್ಳೆಯ ಕ್ಯಾಸೆಟ್‌ಗಳಿಗೂ ಹರಡುತ್ತೆ. ಮಲೆನಾಡಿನ ಅಂಚಿನ ಊರು, ಬೂಷ್ಟು ಹಿಡಿಯೋದು ಸಹಜ. ಒಣಗಿದ ಜಾಗದಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬಿಚ್ಚಬೇಕು. ಸ್ಕ್ರೂ ಇರುವ ಕವಚವಾದರೆ ಬಿಚ್ಚಿ ಒಳಗಿನ ಎರಡು ಸುರುಳಿಯನ್ನು ಬೇರೆ ಕವಚಕ್ಕೆ ಹಾಕಬಹುದು. ಅಂಟಿಸಿದ್ದಾದರೆ ಅಭ್ಯಾಸ ಇದ್ದವರಿಗೇ ಕೊಡಿ.

ಉಳಿದವನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಸುಮ್ನೆ ಬಿದ್ದ ಟೇಪಿನ ಪದರಗಳು ಒಂದಕ್ಕೊಂದು ಅಂಟಿರುತ್ತವೆ. ಸಿ-60 ಅಂದರೆ ಒಂದು ಬದಿಗೆ 30 ನಿಮಿಷ, ಅದರ ಟೇಪ್ ಗಟ್ಟಿ. ಸಿ-90 ಟೇಪ್ ತೆಳು, ಜಾಸ್ತಿ ಹಿಂದೆ ಮುಂದೆ ಮಾಡಬೇಡಿ. ದನಿ ತೀರಾ ಮಂಕಾಗಿ ಬಂದರೆ ಕ್ಯಾಸೆಟ್ ಬಾಯಲ್ಲಿರುವ ಬೆರಳುಗುರಿನಷ್ಟು ಸ್ಪಂಜಿನ ಪ್ಯಾಡ್ ಉದುರಿದೆಯಾ ನೋಡಿ. ಅದು ಇದ್ದೂ ಮಂಕಾಗಿದ್ದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ, 'ಸ' 'ಶ' ಅಕ್ಷರಗಳು ಸ್ಪಷ್ಟವಾದ ಕಡೆ ನಿಲ್ಲಿಸಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿಕೊಂಡಿರಬೇಕು.

ಸ್ಪೀಕರ್ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡೋದು ದಯವಿಟ್ಟು ಬೇಡ. ಪ್ಲೇಯರ್‌ನಲ್ಲಿ ಲೈನ್ ಔಟ್ (ದನಿ ಹೊರಗೆ ಕೊಡುವ ತೂತು) ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ ವೈರ್ ಎಳೆದು ಯುಎಸ್‌ಬಿ ಆಡಿಯೋ ಕಾರ್ಡ್ ಮೂಲಕ ಕಂಪ್ಯೂಟರ್‌ಗೆ ಕೊಡಿ. ಆಡಾಸಿಟಿ ಅಂತ ಉಚಿತ ತಂತ್ರಾಂಶ ಇದೆ. ವೇವ್ ಫೈಲ್ ಮಾಡಿ ಎರಡು ಕಡೆ ಇಡಿ, ನೆಂಟರಿಗೆ ಹಂಚೋಕೆ ಎಂಪಿ3 ಸಾಕು. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ.

ಬೇ_ಏರಿಯಾ_ಬಸವ

ಕ್ಯಾಸೆಟ್ ಜೊತೆ ಅಪ್ಪನ ಮೊಬೈಲ್ ಕೂಡ ಮರೀಬೇಡಿ. ಪ್ರೀಪೇಯ್ಡ್ ಸಿಮ್ 90 ದಿನ ಬಳಸದೆ ಬಿಟ್ಟರೆ ನಂಬರ್ ಹೋಗುತ್ತೆ, ಆಮೇಲೆ ಬೇರೆಯವರಿಗೆ ಸಿಗುತ್ತೆ. ವಾಟ್ಸಾಪ್ ಖಾತೆಯೂ 120 ದಿನ ಸುಮ್ಮನಿದ್ದರೆ ಅಳಿಸಿ ಹೋಗುತ್ತೆ. ಫೋನಿನ ಒಳಗಿರುವ ವಾಯ್ಸ್ ನೋಟ್‌ಗಳನ್ನು ಇವತ್ತೇ ಕಾಪಿ ಮಾಡಿಕೊಳ್ಳಿ. ನಮ್ಮ ಮಾವ ದಿನಾ ಬೆಳಿಗ್ಗೆ ಒಂದು ಪಲ್ಲವಿ ಹಾಡಿ ಕಳಿಸುತ್ತಿದ್ದರು. ಆಫೀಸಿನಲ್ಲಿ ಕೂತು ಅರ್ಧ ಕೇಳಿ ಥಂಬ್ಸ್ ಅಪ್ ಹಾಕುತ್ತಿದ್ದೆವು. ಫೋನ್ ಬದಲಾಯಿಸಿದಾಗ ಎಲ್ಲ ಹೋಯಿತು.

ತುಂಗಾ_ಪಾನ

ಭದ್ರಾವತಿ ಅಂದ ತಕ್ಷಣ ನನಗೆ ರೇಡಿಯೋ ನೆನಪಾಗುತ್ತೆ. ಆಕಾಶವಾಣಿ ಭದ್ರಾವತಿ, 675 ಕಿಲೋಹರ್ಟ್ಸ್! ಮುಳ್ಳು ಅಲ್ಲೇ ನಿಂತಿರುತ್ತಿತ್ತು, ಯಾರಾದರೂ ತಿರುಗಿಸಿದರೆ ಮನೆಯಲ್ಲಿ ಗಲಾಟೆ. 15 ಪೈಸೆ ಕಾರ್ಡಿನಲ್ಲಿ ಇಷ್ಟದ ಹಾಡು ಕೇಳಿ ಬರೆಯುತ್ತಿದ್ದೆವು, ಒಂದೇ ಕಾರ್ಡಿನಲ್ಲಿ ಇಡೀ ಬೀದಿಯ ಮಕ್ಕಳ ಹೆಸರು. ಹಾಡಿಗಿಂತ ಹೆಸರು ಓದೋದೇ ಮುಖ್ಯ. ನಿಮ್ಮಪ್ಪನೂ ಬರೆದಿರಬೇಕಲ್ವಾ?

ಪೇಪರ್‌ಟೌನ್_ಮಗಳು

ಬರೆಯದೆ ಇರುತ್ತಾರಾ! ಎಮ್ಮೆ ಹೆಸರು, ನಾಯಿ ಹೆಸರು ಎಲ್ಲ ಸೇರಿಸಿ ಕಳಿಸುತ್ತಿದ್ದರು. ಒಂದು ಸಲ ರೇಡಿಯೋದಲ್ಲಿ "ಗೌರಿ, ರಾಜು, ಟೈಗರ್" ಅಂತ ಓದಿಬಿಟ್ಟರು. ಗೌರಿ ಎಮ್ಮೆ, ಟೈಗರ್ ನಾಯಿ, ರಾಜು ನಮ್ಮಣ್ಣ. ಅಣ್ಣ ಇವತ್ತಿಗೂ ಆ ವಿಷಯ ತೆಗೆದರೆ ಎದ್ದು ಹೋಗುತ್ತಾನೆ.

ಹಳೇಹಾಡು_ಹುಚ್ಚ

ಬುಧವಾರ ರಾತ್ರಿ ಎಂಟಕ್ಕೆ ಶಾರ್ಟ್‌ವೇವ್‌ನಲ್ಲಿ ಬಿನಾಕಾ ಗೀತ್‌ಮಾಲಾ, ಅಮೀನ್ ಸಯಾನಿ ದನಿ. ಹಿಂದಿ ಬಾರದ ನಮ್ಮ ಅಪ್ಪ ಕೂಡ ಕಿವಿ ಅಂಟಿಸಿ ಕೂರುತ್ತಿದ್ದರು. ನಿಮ್ಮ ಅಪ್ಪ ಯಾರ ಹಾಡು ಜಾಸ್ತಿ ಹಾಡುತ್ತಿದ್ದರು? ಪಿ.ಬಿ. ಶ್ರೀನಿವಾಸ್ ಹಾಡುಗಳಾದರೆ ಅವರು ನಮ್ಮ ಪಾರ್ಟಿ. 1974ಕ್ಕೆ ಅಣ್ಣಾವ್ರು ಸ್ವತಃ ಹಾಡೋಕೆ ಶುರು ಮಾಡಿದ ಮೇಲೆ ಪಿ.ಬಿ.ಎಸ್. ಮೂಲೆಗೆ ಸೇರಿದರು, ಅದು ನನಗೆ ಇವತ್ತಿಗೂ ಸಂಕಟ.

ಗಾಜನೂರು_ಗಾಳಿ

ಶುರು ಮಾಡಿದ್ದು 1974ರಲ್ಲಿ ಅಲ್ಲ. 1959ರ 'ಮಹಿಷಾಸುರ ಮರ್ದಿನಿ'ಯಲ್ಲೇ ಎಸ್. ಜಾನಕಿ ಜೊತೆ ಹಾಡಿದ್ದಾರೆ. 1974ರಲ್ಲಿ 'ಸಂಪತ್ತಿಗೆ ಸವಾಲ್' ಆದ ಮೇಲೆ ಖಾಯಂ ಆದರು, ಅಷ್ಟೇ. ಆಮೇಲೆ 'ಜೀವನಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯೇ ಬಂತು. ಕಂಪನಿ ನಾಟಕದಲ್ಲಿ ಹಾಡಿ ಬೆಳೆದವರಿಗೆ "ಹಾಡೋಕೆ ಶುರು ಮಾಡಿದ ಮೇಲೆ" ಅಂತೀರಲ್ಲ ಸ್ವಾಮಿ.

ಹಳೇಹಾಡು_ಹುಚ್ಚ

ಖಾಯಂ ಆದದ್ದೇ ನನ್ನ ದೂರು! ಪಿ.ಬಿ.ಎಸ್. ಎಂಥ ರಸಿಕ ಮನುಷ್ಯ ಗೊತ್ತಾ? ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಜೇಬು ತುಂಬಾ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಕವಿತೆ ಬರೆಯುತ್ತಾ ಕೂರುತ್ತಿದ್ದರು. ಅಂಥವರು ಹಾಡಿದರೆ ಆ ಮೆಲುದನಿಯಲ್ಲಿ ಒಂದು ತುಂಟತನ ಇರುತ್ತೆ.

ಗಾಜನೂರು_ಗಾಳಿ

ತುಂಟತನ ಇದೆ, ಒಪ್ಪಿದೆ. ನನ್ನ ದೂರು ಇಸವಿ ಬಗ್ಗೆ ಮಾತ್ರ.

ಶಿಸ್ತಿನ_ಸಿಪಾಯಿ

ಎಲ್ಲಿಂದ ಎಲ್ಲಿಗೆ ಹೋದಿರಿ? ಪಾಪ ಆ ಹೆಣ್ಣುಮಗಳು ತಿಥಿ ವಿಷಯ ಕೇಳಿದ್ದಾರೆ.

ಪೇಪರ್‌ಟೌನ್_ಮಗಳು

ಇರಲಿ ಬಿಡಿ, ಅಪ್ಪ ಇದ್ದಿದ್ದರೆ ತಿಥಿ ಬಿಟ್ಟು ಈ ಜಗಳಕ್ಕೇ ಬರುತ್ತಿದ್ದರು. ಅವರು ಪಿ.ಬಿ.ಎಸ್. ಪಾರ್ಟಿ. ಆದರೆ ಮಳೆಗಾಲದಲ್ಲಿ ಗಂಟಲು ಕಟ್ಟಿದರೆ ಕಾಳಿಂಗರಾಯರ ಭಾವಗೀತೆ, "ಈ ದನಿಗೆ ಅದೇ ಸರಿ" ಅನ್ನುತ್ತಿದ್ದರು.

ಡಾಕ್ಟರ್ ಸಾರ್, ನೀವು ಹೇಳಿದ ಹಾಗೆ ನಿನ್ನೆ ಒಂದು ಕ್ಯಾಸೆಟ್ ಓಡಿಸಿದೆವು. ಅಪ್ಪ ಹಾರ್ಮೋನಿಯಂ ಹಿಡಿದು ಹಾಡುತ್ತಿದ್ದಾರೆ. ಆದರೆ ನಡುವೆ ಕುಕ್ಕರ್ ಕೂಗುತ್ತೆ, ಹಿಂದಿನಿಂದ ಅಜ್ಜಿ "ಲೋ, ಹಾಲು ತರೋಕೆ ಹೋಗ್ತೀಯೋ ಇಲ್ವೋ" ಅಂತಾರೆ. ಅಪ್ಪ ರಾಗ ನಿಲ್ಲಿಸದೆ ಅದೇ ಧಾಟಿಯಲ್ಲಿ "ಹೋಗುವೆನಮ್ಮಾ, ಚರಣ ಮುಗಿಯಲಮ್ಮಾ" ಅಂತ ಸೇರಿಸಿ ಹಾಡುತ್ತಾರೆ. ಕೊನೆಗೆ ಕಾರ್ಖಾನೆ ಸೈರನ್ ಕೂಗಿದ್ದೇ "ಅಯ್ಯೋ ಸೆಕೆಂಡ್ ಶಿಫ್ಟ್" ಅನ್ನೋದು, ಕುರ್ಚಿ ಎಳೆದ ಸದ್ದು, ಟಪ್ ಅಂತ ಬಂದ್. ಈ ಗಲಾಟೆ ತೆಗೆದು ಬರೀ ಹಾಡು ಉಳಿಸೋಕೆ ಆಗುತ್ತಾ? ಅಣ್ಣ ಸಂಜೆ ಕಾರ್ಯಕ್ರಮಕ್ಕೆ ಶುದ್ಧವಾಗಿ ಬೇಕು ಅಂತಾನೆ.

ಕ್ಯಾಸೆಟ್_ಡಾಕ್ಟರ್

ದಯವಿಟ್ಟು ಮುಟ್ಟಬೇಡಿ. ಟೇಪಿನ 'ಸ್' ಅನ್ನೋ ಸದ್ದು ಸ್ವಲ್ಪ ತಗ್ಗಿಸಿ, ಅದೂ ಕಾಪಿಯಲ್ಲಿ. ಅದನ್ನೇ ಜಾಸ್ತಿ ತಗ್ಗಿಸಿದರೆ ದನಿ ನೀರಿನೊಳಗಿಂದ ಬಂದ ಹಾಗೆ ಆಗುತ್ತೆ. ಇನ್ನು ಕುಕ್ಕರ್, ಅಜ್ಜಿ, ಸೈರನ್ ಇವನ್ನೆಲ್ಲ ಯಾಕೆ ತೆಗೀತೀರಿ? ಆ ಹಾಡನ್ನು ಸ್ಟುಡಿಯೋದಲ್ಲಿ ಹಾಡಿದವರು ಇದ್ದಾರೆ, ಕಂಪನಿ ಕ್ಯಾಸೆಟ್ ಎಲ್ಲಾದರೂ ಸಿಗುತ್ತೆ. ಹಾಲು ತರೋಕೆ ಹೋಗದೆ ಕೂತ ನಿಮ್ಮಪ್ಪ ಇದೊಂದರಲ್ಲೇ ಇರೋದು.

ಇನ್ನೊಂದು ಮಾತು, ಇದನ್ನು ಯೂಟ್ಯೂಬ್‌ಗೆ ಹಾಕಿದರೆ ಧಾಟಿ ಗುರುತು ಹಿಡಿದು ಹಕ್ಕಿನ ನೋಟಿಸ್ ಬರಬಹುದು. ಮನೆಯವರಿಗೆ ಪೆನ್‌ಡ್ರೈವ್‌ನಲ್ಲಿ ಕೊಡಿ.

ಹಳೇಹಾಡು_ಹುಚ್ಚ

ಹಾರ್ಮೋನಿಯಂ ಅಂದಿರಲ್ಲ, 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಅದಕ್ಕೆ ಬಹಿಷ್ಕಾರ ಇತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋಕೆ ಬರಲ್ಲ, ನಮ್ಮ ಸಂಗೀತಕ್ಕೆ ಒಗ್ಗಲ್ಲ ಅಂತ. ಮನೆಮನೆಯಲ್ಲಿ ಭಜನೆ ಮಾತ್ರ ಅದರಲ್ಲೇ ನಡೀತಿತ್ತು.

ಒಗ್ಗರಣೆ

ಎಲ್ಲರೂ ಅಪ್ಪಂದಿರನ್ನು ಹೊಗಳಿದ್ದು ಮುಗಿಯಿತಾ? ನಾನೊಂದು ಕೇಳುತ್ತೇನೆ, ಬೈಯಬೇಡಿ.

ನಮ್ಮ ಅಪ್ಪನೂ ಹೀಗೇ. ಹಾಡು, ಇಸ್ಪೀಟು, ಜೋಕು, ಮನೆ ತುಂಬಾ ಸ್ನೇಹಿತರು. ಊರಿಗೆಲ್ಲ ಅಚ್ಚುಮೆಚ್ಚು. ರಾತ್ರಿ ಹತ್ತು ಗಂಟೆಗೆ "ಇವಳೇ, ನಾಲ್ಕು ಜನ ಬಂದಿದ್ದಾರೆ" ಅಂದಾಗ ಮತ್ತೆ ಒಲೆ ಹಚ್ಚುತ್ತಿದ್ದವರು ಯಾರು? ಹಾಡಿಗೆ ಚಪ್ಪಾಳೆ ಬೀಳುವಾಗ ಅಮ್ಮ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದರು. ಅಪ್ಪನ ಮೇಲೆ ನನಗೆ ಬಹಳ ಪ್ರೀತಿ. ಆದರೆ ಸತ್ತ ಮೇಲೆ ಬರೀ ಚಪ್ಪಾಳೆಯ ಭಾಗವನ್ನೇ ನೆನಪಿಸಿಕೊಂಡರೆ ಹೇಗೆ? ನಿಮ್ಮ ಅಮ್ಮ "ನಿಮಗೆ ಸರಿ ಕಂಡ ಹಾಗೆ ಮಾಡಿ" ಅಂತ ಎದ್ದು ಹೋದರು ಅಂತ ನೀವೇ ಬರೆದಿದ್ದೀರಿ. ಇಷ್ಟು ಜನರಲ್ಲಿ ಒಬ್ಬರಾದರೂ ಅದನ್ನು ಗಮನಿಸಿದಿರಾ? ಆರ್ಕೆಸ್ಟ್ರಾದವರು ಬಂದರೆ ಅವತ್ತು ಕಾಫಿ ಮಾಡೋರು ಯಾರು?

ಮಂಡ್ಯ_ಪ್ಯಾಸೆಂಜರ್

ಎಲ್ಲದರಲ್ಲೂ ಇದನ್ನ ತರಲೇಬೇಕಾ? ಆ ಕಾಲ ಹಾಗಿತ್ತು. ಅವರು ಸಂತೋಷವಾಗಿದ್ದರೋ ಇಲ್ಲವೋ ಅವರನ್ನೇ ಕೇಳಬೇಕು.

ಒಗ್ಗರಣೆ

ನಾನು ಹೇಳಿದ್ದೂ ಅದೇ. ಕೇಳಿ ಅಂತ.

ಧಾರವಾಡ_ಕಟ್ಟಿ

ಅಕ್ಕಾರ ಮಾತು ಖರೇ. ನಮ್ಮ ಕಾಕಿಗೂ ಭಜನೆಯ ರಾತ್ರಿ ಚಹಾ ಸೋಸೋದರಲ್ಲೇ ಬೆಳಗಾಯಿತು.

ಶಿಸ್ತಿನ_ಸಿಪಾಯಿ

ಮೊದಲ ಸಲ ಈ ಚರ್ಚೆಯಲ್ಲಿ ಕೆಲಸಕ್ಕೆ ಬರೋ ಮಾತು ಬಂತು. ಗಂಡನನ್ನು ಕಳೆದುಕೊಂಡವರು ಅವರು. ನಾನಾಗಲಿ, ದೊಡ್ಡಪ್ಪ ಆಗಲಿ, ಮಕ್ಕಳಾಗಲಿ ತೀರ್ಮಾನ ಮಾಡೋದಲ್ಲ.

ಬೇ_ಏರಿಯಾ_ಬಸವ

ಸುಮ್ನೆ ಒಂದು ಸಲಹೆ. ಅಮ್ಮನ ದನಿಯನ್ನೂ ರೆಕಾರ್ಡ್ ಮಾಡಿಕೊಳ್ಳಿ. ಹಾಡೇ ಆಗಬೇಕಿಲ್ಲ, ಬೈಗುಳ ಆದರೂ ಸರಿ.

ಪೇಪರ್‌ಟೌನ್_ಮಗಳು

ಒಗ್ಗರಣೆ ಅಕ್ಕ, ನಿಮ್ಮ ಮಾತು ಓದಿ ಎರಡು ದಿನ ಏನೂ ಬರೆಯಲಿಲ್ಲ. ನಿನ್ನೆ ಸಂಜೆ ಅವರೆಕಾಯಿ ಸುಲಿಯುತ್ತಾ ಅಮ್ಮನನ್ನು ನೇರವಾಗಿ ಕೇಳಿದೆ, "ನಿನಗೆ ಬೇಕಾ ಬೇಡವಾ ಹೇಳು" ಅಂತ.

ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಂದೊಂದೇ ಷರತ್ತು ಹೇಳಿದಳು. ಹಾಡು ಇರಲಿ, ಆದರೆ ಅಡುಗೆ, ಕಾಫಿ ಎಲ್ಲ ಹೊರಗಿನವರದು, ಅವಳು ಅವತ್ತು ಅಡುಗೆಮನೆಗೆ ಕಾಲಿಡಲ್ಲ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಬೇಕು. ಇಷ್ಟು ವರ್ಷದಲ್ಲಿ ಒಂದು ಆರ್ಕೆಸ್ಟ್ರಾನೂ ಮೊದಲಿಂದ ಕೊನೆಯವರೆಗೆ ಕೂತು ನೋಡಿಲ್ಲವಂತೆ. ಯಾರೂ ಭಾಷಣ ಮಾಡಬಾರದು. ಸ್ಪೀಕರ್ ಒಂಬತ್ತಕ್ಕೆ ಬಂದ್, ಪಕ್ಕದ ಮನೆಯಲ್ಲಿ ಹುಡುಗನಿಗೆ ಪರೀಕ್ಷೆ ಇದೆ.

ಆಮೇಲೆ ಒಂದು ಹಾಡಿನ ಹೆಸರು ಹೇಳಿ, "ಅದೊಂದು ಬೇಡ" ಅಂದಳು. ಯಾಕೆ ಅಂದರೆ, ಅಪ್ಪ ತಡವಾಗಿ ಬಂದ ರಾತ್ರಿಯೆಲ್ಲ ಕಿಟಕಿ ಪಕ್ಕ ನಿಂತು ಅದನ್ನೇ ಮೆಲ್ಲಗೆ ಹಾಡಿ ಬಾಗಿಲು ತೆಗೆಸುತ್ತಿದ್ದರಂತೆ. "ಅದು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತೆ. ಅಷ್ಟು ಹಾಡಿಬಿಟ್ಟರೆ ಎಲ್ಲ ಮಾಫಿ ಅಂದುಕೊಂಡಿದ್ದ ಮನುಷ್ಯ." ಇದನ್ನು ಹೇಳುವಾಗ ನಗುತ್ತಿದ್ದಳು, ಅವರೆಕಾಯಿ ಮಾತ್ರ ಜೋರಾಗಿ ಸುಲಿಯುತ್ತಿದ್ದಳು. ಬಸವ ಅವರೇ, ಮೊಬೈಲ್ ಪಕ್ಕದಲ್ಲೇ ಆನ್ ಇತ್ತು.

ದೊಡ್ಡಪ್ಪ ಒಪ್ಪಿಲ್ಲ. ಬೆಳಿಗ್ಗೆ ಬಂದು, ಊಟ ಮಾಡಿ, ನಾಲ್ಕು ಗಂಟೆ ಬಸ್ಸಿಗೆ ಹೊರಡುತ್ತೇನೆ ಅಂದಿದ್ದಾರೆ. ಹಾಗೇ ಆಗಲಿ ಅಂದೆವು.

ಗಾಜನೂರು_ಗಾಳಿ

ಆ ಹಾಡು ಯಾವುದು? ಯಾವ ಪಾರ್ಟಿ?

ಪೇಪರ್‌ಟೌನ್_ಮಗಳು

ಹೇಳಲ್ಲ. ನೀವಿಬ್ಬರೂ ಮತ್ತೆ ಶುರು ಮಾಡ್ತೀರ.

ತುಂಗಾ_ಪಾನ

ಡಾಕ್ಟರ್ ಸಾರ್, ಇದೆಲ್ಲ ಓದಿ ನಾನೂ ಅಟ್ಟದಿಂದ ಟೇಪ್‌ರೆಕಾರ್ಡರ್ ಇಳಿಸಿದೆ. ಮೋಟಾರ್ ತಿರುಗುತ್ತೆ, ಕ್ಯಾಸೆಟ್ ತಿರುಗಲ್ಲ. ಏನಾಗಿರಬಹುದು?

ಕ್ಯಾಸೆಟ್_ಡಾಕ್ಟರ್

ಬೆಲ್ಟ್ ಹೋಗಿದೆ. ರಬ್ಬರ್ ಕರಗಿ ಡಾಂಬರಿನ ಥರ ಅಂಟಿದ್ದರೆ ಮೊದಲು ಪುಲ್ಲಿಯನ್ನು ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಿ. ಹಳೇ ಬೆಲ್ಟ್ ಸಿಕ್ಕರೆ ಅದರ ಸುತ್ತಳತೆ ತೆಗೆದುಕೊಳ್ಳಿ, ಹೊಸದು ಅದಕ್ಕಿಂತ ಸ್ವಲ್ಪ ಚಿಕ್ಕದಿರಬೇಕು. ಶಿವಮೊಗ್ಗದಲ್ಲಿ ಹಳೇ ರೇಡಿಯೋ ರಿಪೇರಿಯವರ ಹತ್ತಿರ ಕೇಳಿ ನೋಡಿ, ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್. ಅದರೊಳಗೆ ಕ್ಯಾಸೆಟ್ ಏನಾದರೂ ಉಳಿದಿದ್ದರೆ ಎಳೆಯಬೇಡಿ, ಫೋಟೋ ಹಾಕಿ, ಹೇಳುತ್ತೇನೆ.